ನಾವು ಒಪ್ಪಿಸಿದ ಪುಸ್ತಕ ಓದುಗನಿಗೆ ಸಿಗಲಿ: ಕೇಂದ್ರ ಸಂಸ್ಕೃತಿ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸಚಿವರಿಗೆ ಗೌರವಪೂರ್ವಕ ನಮಸ್ಕಾರಗಳು.

ನಾನು ಮುಂಬಯಿ ಬಳಿಯ ಡೊಂಬಿವಲಿಯಲ್ಲಿದ್ದುಕೊಂಡು ವರ್ಷಕ್ಕೆ ಮೂರೋ ನಾಲ್ಕೋ ಕನ್ನಡ ಪುಸ್ತಕಗಳನ್ನು ಅಚ್ಚು ಹಾಕಿಸುವ ಸಣ್ಣ ಪ್ರಕಾಶಕ. ಪುಸ್ತಕ ಹೊರಬಂದ 30 ದಿನಗಳೊಳಗೆ ಕೊಲ್ಕತ್ತದ ರಾಷ್ಟ್ರೀಯ ಗ್ರಂಥಾಲಯ, ಚೆನ್ನೈಯ ಕನ್ನೆಮರಾ ಗ್ರಂಥಾಲಯ, ದಿಲ್ಲಿ ಪಬ್ಲಿಕ್ ಲೈಬ್ರರಿ ಹಾಗೂ ನಮ್ಮ ಮುಂಬಯಿಯ ಟೌನ್ ಹಾಲಿನಲ್ಲಿರುವ ಕೇಂದ್ರ ಗ್ರಂಥಾಲಯಕ್ಕೆ ಒಂದೊಂದು ಪ್ರತಿಯನ್ನು ಸ್ವಂತ ಖರ್ಚಿನಲ್ಲಿ ತಲುಪಿಸಬೇಕೆಂಬುದು 1954ರ ಕಾಯಿದೆಯ ನಿಯಮ. ಮುನ್ನೂರು ಪ್ರತಿ ಅಚ್ಚು ಹಾಕಿಸುವವನಿಗೆ ಇದು ಹಗುರವಾದ ಖರ್ಚಲ್ಲ. ಆದರೂ ಈ ನಿಯಮ ಬೇಕೆಂದೇ ನಾನು ವಾದಿಸುತ್ತೇನೆ. ಏಕೆಂದರೆ ಬೆಂಗಳೂರು, ಧಾರವಾಡಗಳಲ್ಲಿ ಪ್ರಕಟವಾದ ಪುಸ್ತಕ ಅಲ್ಲಿನ ಯಾವುದಾದರೊಂದು ಕಪಾಟಿನಲ್ಲಿ ಉಳಿದೀತು. ಮುಂಬಯಿಯ ಕನ್ನಡ ಸಂಘಗಳ ಸ್ಮರಣ ಸಂಚಿಕೆಗಳು, ರಾತ್ರಿಶಾಲೆಗಳ ವರದಿಗಳು, ಹೋಟೆಲು ಕೆಲಸದ ನಡುವೆ ಬರೆದವರ ಕವನ ಸಂಕಲನಗಳು ಮನೆ ಬದಲಿಸುವ ದಿನ ರದ್ದಿಯವನ ತಕ್ಕಡಿಯನ್ನೇ ಸೇರುತ್ತವೆ.

ಆದರೆ ಉಳಿದ ಪುಸ್ತಕ ಕೈಗೆ ಸಿಗಬೇಕಲ್ಲ? ಗ್ರಂಥಾಲಯಗಳ ಗಣಕೀಕೃತ ಸೂಚಿಗಳಲ್ಲಿ ಕನ್ನಡ ಹೆಸರುಗಳನ್ನು ರೋಮನ್ ಅಕ್ಷರಗಳಲ್ಲಿ ಬರೆದಿಡುವುದುಂಟು. ಮೇಲೆ ಗೀಟು, ಕೆಳಗೆ ಚುಕ್ಕೆ ಹಾಕದೆ ಹೀಗೆ ಬರೆದರೆ ಹಾಲಿಗೂ ಹಾಳಿಗೂ ವ್ಯತ್ಯಾಸ ಉಳಿಯುವುದಿಲ್ಲ. ಕಾಲು, ಕಾಳುಗಳ ಗತಿಯೂ ಅದೇ. ಒಬ್ಬ ಸಿಬ್ಬಂದಿ ದೀರ್ಘಕ್ಕೆ ಒಂದು ಅಕ್ಷರ, ಇನ್ನೊಬ್ಬರು ಎರಡು ಅಕ್ಷರ ಹಾಕಿದರಂತೂ ಒಬ್ಬನೇ ಲೇಖಕ ಸೂಚಿಯಲ್ಲಿ ಇಬ್ಬರಾಗುತ್ತಾನೆ. ನಮ್ಮ ಪ್ರಕಾಶನದ ಲೇಖಕಿಯೊಬ್ಬರು ಒಂದೇ ಶೀರ್ಷಿಕೆಯನ್ನು ಆರು ಬಗೆಯ ಕಾಗುಣಿತಗಳಲ್ಲಿ ಹುಡುಕಿ ಕೈಚೆಲ್ಲಿದ್ದನ್ನು ಕಂಡಿದ್ದೇನೆ. ಪುಸ್ತಕ ಅಲ್ಲಿತ್ತೋ ಇಲ್ಲವೋ ಎಂಬುದು ಕೊನೆಗೂ ತಿಳಿಯಲಿಲ್ಲ. ಕನ್ನಡ ಯೂನಿಕೋಡ್ ಪ್ರತಿ ಮೊಬೈಲಿನಲ್ಲೂ ಇರುವ ಈ ಕಾಲದಲ್ಲಿ ಶೀರ್ಷಿಕೆ, ಲೇಖಕ, ಪ್ರಕಾಶಕ, ಊರು ಇಷ್ಟನ್ನಾದರೂ ಕನ್ನಡ ಲಿಪಿಯಲ್ಲೇ ನಮೂದಿಸುವಂತೆ, ಲಿಪಿ ಬಲ್ಲವರೇ ಅದನ್ನು ತಿದ್ದುವಂತೆ ತಾವು ಆದೇಶಿಸಬೇಕೆಂಬುದು ನನ್ನ ಮೊದಲ ವಿನಂತಿ.

ಎರಡನೆಯದು ರಸೀದಿಯ ವಿಷಯ. ಪುಸ್ತಕ ಪಡೆದ ಗ್ರಂಥಾಲಯ ಲಿಖಿತ ರಸೀದಿ ಕೊಡಬೇಕೆಂದು ಅದೇ ಕಾಯಿದೆ ಹೇಳುತ್ತದೆ. ಆ ರಸೀದಿಯಲ್ಲಿ ಪುಸ್ತಕದ ಸೂಚಿ ಸಂಖ್ಯೆಯೂ ಇರುವಂತಾದರೆ ಪ್ರಕಾಶಕ ಅದನ್ನು ಓದುಗನಿಗೆ ತಿಳಿಸಬಲ್ಲ. ಪುಸ್ತಕ ಒಪ್ಪಿಸದವನಿಗೆ ಕಾಯಿದೆ ವಿಧಿಸುವುದು ಪುಸ್ತಕದ ಬೆಲೆ ಮತ್ತು 50 ರೂಪಾಯಿ ಮೀರದ ದಂಡ; ಈ ದಂಡಕ್ಕೆ ಹೆದರಿ ಯಾರೂ ಪುಸ್ತಕ ಕಳಿಸುವುದಿಲ್ಲ, ಕಳಿಸಿದ್ದು ಉಪಯೋಗಕ್ಕೆ ಬರುತ್ತದೆಂಬ ನಂಬಿಕೆ ಹುಟ್ಟಿದರೆ ಕಳಿಸುತ್ತಾರೆ. ಪ್ರತಿ ಪುಸ್ತಕವನ್ನು ಗುರುತಿಸುವ ಐಎಸ್‌ಬಿಎನ್ ಸಂಖ್ಯೆ ಕೊಡುವ ಕೆಲಸ ಶಿಕ್ಷಣ ಸಚಿವಾಲಯದ ಕೈಯಲ್ಲಿದೆ. ಅಲ್ಲಿನ ಪಟ್ಟಿಯನ್ನು ಗ್ರಂಥಾಲಯಗಳ ಪಟ್ಟಿಯೊಡನೆ ಹೋಲಿಸಿದರೆ ಬಾರದ ಪುಸ್ತಕಗಳು ಯಾವುವೆಂದು ತಾನಾಗಿ ಗೊತ್ತಾಗುತ್ತದೆ.

ಕೊಲ್ಕತ್ತದ ಬೆಲ್ವೆಡೆರ್ ಆವರಣದ ರಾಷ್ಟ್ರೀಯ ಗ್ರಂಥಾಲಯ 1953ರಲ್ಲಿ ಸಾರ್ವಜನಿಕರಿಗೆ ತೆರೆದುಕೊಂಡಿತು. ಮುಂಬಯಿಯ ಓದುಗನಿಗೆ ಅದು ಸುಮಾರು 2,000 ಕಿಲೋಮೀಟರ್ ದೂರ. ಡೊಂಬಿವಲಿಯಲ್ಲಿ ಅಚ್ಚಾದ ಪುಸ್ತಕವನ್ನು ಡೊಂಬಿವಲಿಯವನು ಹೌರಾ ರೈಲು ಹತ್ತಿ ಹೋಗಿ ಓದುವಂತಾಗಬಾರದು. ಲೇಖಕ ತೀರಿಕೊಂಡು 60 ವರ್ಷ ಕಳೆದು ಹಕ್ಕುಸ್ವಾಮ್ಯ ಮುಗಿದ ಕೃತಿಗಳನ್ನು ಸ್ಕ್ಯಾನ್ ಮಾಡಿ ಅಂತರ್ಜಾಲದಲ್ಲಿ ತೆರೆದಿಡಬಹುದು. ಉಳಿದವುಗಳಿಗೆ ನಾಲ್ಕೂ ಗ್ರಂಥಾಲಯಗಳ ಒಂದೇ ಕೂಡುಸೂಚಿ ಇದ್ದರೂ ಸಾಕು: ಯಾವ ಪ್ರತಿ ಟೌನ್ ಹಾಲಿನಲ್ಲೇ ಇದೆಯೆಂದು ತಿಳಿದರೆ ಆ 30 ಮೆಟ್ಟಿಲುಗಳನ್ನು ನಾವು ಸಂತೋಷದಿಂದ ಹತ್ತುತ್ತೇವೆ.

ಕನ್ನಡ ಬಲ್ಲ ಸಿಬ್ಬಂದಿ ಕಡಿಮೆಯೆಂಬ ಉತ್ತರ ಬರಬಹುದು. ಮಾಟುಂಗ, ಮಾಹಿಮ್, ಡೊಂಬಿವಲಿಗಳಲ್ಲಿ ನಿವೃತ್ತ ಕನ್ನಡ ಶಿಕ್ಷಕರಿದ್ದಾರೆ, ವಿಶ್ವವಿದ್ಯಾಲಯದ ಕನ್ನಡ ವಿಭಾಗದ ವಿದ್ಯಾರ್ಥಿಗಳಿದ್ದಾರೆ. ಗೌರವಧನ ಗೊತ್ತುಮಾಡಿ ಕರೆದರೆ ಮುಂಬಯಿಯ ಪ್ರತಿಗಳ ಸೂಚಿಯಿಂದಲೇ ಈ ಕೆಲಸ ಆರಂಭಿಸಬಹುದು. ತಮ್ಮ ಸಚಿವಾಲಯದ ಲಿಖಿತ ಉತ್ತರವನ್ನು ನಿರೀಕ್ಷಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಡೊಂಬಿವಲಿಯ ಒಬ್ಬ ಕನ್ನಡ ಪ್ರಕಾಶಕ