ವೇಷಭೂಷಣದ ‘ವಿಶ್ವ ದಿನ’ ಇನ್ನಿಲ್ಲ: ಶಾಲೆಗಳಿಗೆ, ಪಾಲಕರಿಗೆ ಒಂದು ಪತ್ರ

ಮಾನ್ಯ ಮುಖ್ಯಾಧ್ಯಾಪಕರೇ, ಗುರುಗಳೇ, ಗುರುಮಾತೆಯರೇ, ಪಾಲಕರೇ,

ನಮಸ್ಕಾರ. ನೇರ ವಿಷಯಕ್ಕೇ ಬರುತ್ತೇವೆ. ಮಕ್ಕಳಿಗೆ ಬೇರೆ ಬೇರೆ ದೇಶಗಳ ಪರಿಚಯ ಮಾಡಿಸಲು ನಮ್ಮ ಸಹಕಾರಿ ಸಂಘ ಶಾಲೆಗಳಲ್ಲಿ ನಡೆಸುತ್ತಿದ್ದ ಒಂದು ದಿನದ ‘ವಿಶ್ವ ದಿನ’ ಕಾರ್ಯಕ್ರಮ ಈ ವರ್ಷದಿಂದ ಇರುವುದಿಲ್ಲ. ಅದರ ಬದಲು ಒಂದೇ ತರಗತಿಯ ಮಕ್ಕಳ ಜೊತೆ ನಾಲ್ಕು ವಾರ, ವಾರಕ್ಕೊಮ್ಮೆ ಎರಡು ಪಿರಿಯಡ್ ಕೂತು ಕಾರ್ಯಾಗಾರ ಮಾಡುತ್ತೇವೆ. ಇದು 6ರಿಂದ 9ನೇ ತರಗತಿಯವರಿಗೆ. ಕನ್ನಡ, ಉರ್ದು ಎರಡೂ ಮಾಧ್ಯಮದಲ್ಲಿ ಇರುತ್ತದೆ.

‘ವಿಶ್ವ ದಿನ’ ಮಕ್ಕಳಿಗೆ ಹಬ್ಬವೇ ಆಗಿತ್ತು. ಒಬ್ಬರಿಗೆ ಕಿಮೊನೊ, ಇನ್ನೊಬ್ಬರಿಗೆ ಅರಬ್ಬರ ನಿಲುವಂಗಿ, ಕೈಯಲ್ಲಿ ಬಾವುಟ, ಮೈಕಿನಲ್ಲಿ ರಾಜಧಾನಿಯ ಹೆಸರು, ಆಮೇಲೆ ಫೋಟೊ. ಗ್ಯಾದರಿಂಗ್‌ಗೆ ಒಂದು ಒಳ್ಳೆಯ ಐಟಂ ಸಿಗುತ್ತಿತ್ತು, ಅದೂ ನಿಜ. ಆದರೆ ಜಪಾನಿನವರು ದಿನಾ ಕಿಮೊನೊ ಹಾಕಿಕೊಂಡೇ ಆಫೀಸಿಗೆ ಹೋಗುತ್ತಾರೆ ಅಂತ ಮಗು ತಿಳಿದುಕೊಂಡರೆ ಏನು ಕಲಿತ ಹಾಗಾಯಿತು?

ಇನ್ನೊಂದು ಕಾರಣ ಇದಕ್ಕಿಂತ ದೊಡ್ಡದು. ಆಫ್ರಿಕಾ ಅಂದರೆ ಸಾಕು, ಮುಖಕ್ಕೆ ಕಪ್ಪು ಬಳಿದು, ಸೊಂಟಕ್ಕೆ ಸೊಪ್ಪು ಕಟ್ಟಿ ಮಕ್ಕಳನ್ನು ವೇದಿಕೆ ಹತ್ತಿಸುವ ರೂಢಿ ಎಷ್ಟೋ ಕಡೆ ಇದೆ. ಆಫ್ರಿಕಾ ಮೂಲದ ಸಿದ್ದಿ ಜನ ಬೆಳಗಾವಿ ಜಿಲ್ಲೆಯ ಖಾನಾಪುರದ ಕಡೆಯೇ ಇದ್ದಾರೆ. ಅವರ ಮನೆಯ ಮಗುವೊಂದು ಮುಂದಿನ ಸಾಲಿನಲ್ಲಿ ಕೂತಿದ್ದರೆ ಈ ವೇಷ ನೋಡಿ ಏನು ಅಂದುಕೊಳ್ಳಬೇಕು? ವಿಜಯಪುರದ ಚರಿತ್ರೆಯೂ ಬೇರೆ ಮಾತನ್ನೇ ಹೇಳುತ್ತದೆ. ಗೋಳಗುಮ್ಮಟದಲ್ಲಿ ಮಲಗಿರುವ ಮುಹಮ್ಮದ್ ಆದಿಲ್ ಶಾಹನ ಆಸ್ಥಾನದಲ್ಲಿ ಇಖ್ಲಾಸ್ ಖಾನ್ ಎಂಬ ಹಬ್ಶಿ, ಅಂದರೆ ಆಫ್ರಿಕಾ ಮೂಲದ ಸರದಾರ, ಮಂತ್ರಿಯಾಗಿ ರಾಜ್ಯಭಾರ ನೋಡಿಕೊಳ್ಳುತ್ತಿದ್ದ. ಸುಮಾರು 1645ರ ಒಂದು ಚಿತ್ರದಲ್ಲಿ ಸುಲ್ತಾನ ಮತ್ತು ಅವನು ಒಂದೇ ಆನೆಯ ಮೇಲೆ ಕೂತಿದ್ದಾರೆ. ಇನ್ನು ಮುಂದೆ ಮಕ್ಕಳಿಗೆ ಆ ಚಿತ್ರ ತೋರಿಸುತ್ತೇವೆ. ಬಣ್ಣ ಬಳಿಯುವುದು ಬೇಡ.

ಮೊದಲ ವಾರದ ಪಾಠ ರೊಟ್ಟಿಯಿಂದ ಶುರು. ಜೋಳ ನಮ್ಮದೇ ಬೆಳೆ ಅಂತ ನಾವೆಲ್ಲ ಹೆಮ್ಮೆ ಪಡುತ್ತೇವೆ ಅಲ್ವಾ? ಅದನ್ನು ಮೊದಲು ಬೆಳೆದದ್ದು ಈಶಾನ್ಯ ಆಫ್ರಿಕಾದಲ್ಲಿ, ಈಗಿನ ಸುಡಾನ್ ಕಡೆ. ಸಾವಿರಾರು ವರ್ಷಗಳ ಹಿಂದೆಯೇ ಅದು ನಮ್ಮ ಎರಿಭೂಮಿಗೆ ಬಂದು ಇಲ್ಲಿಯದೇ ಆಯಿತು. ರೊಟ್ಟಿಯ ಪಕ್ಕದಲ್ಲಿರುವ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ? ಶೇಂಗಾ ದಕ್ಷಿಣ ಅಮೆರಿಕದ್ದು, ಮೆಣಸಿನಕಾಯಿ ಮೆಕ್ಸಿಕೊ ಕಡೆಯದು. ಎರಡೂ ಯುರೋಪಿನವರ ಹಡಗು ಹತ್ತಿ ಬಂದವು. ಮೆಣಸಿನಕಾಯಿ ತಂದವರು ಪೋರ್ಚುಗೀಸರು. ಅವರು 1510ರಲ್ಲಿ ಗೋವಾ ಕಿತ್ತುಕೊಂಡದ್ದು ನಮ್ಮ ಆದಿಲ್ ಶಾಹಿಗಳಿಂದಲೇ. ಬಸವಣ್ಣನವರ ಕಾಲದಲ್ಲಿ ಬಾಗೇವಾಡಿಯಲ್ಲಿ ಯಾರೂ ಮೆಣಸಿನಕಾಯಿ ಕಂಡಿರಲಿಲ್ಲ ಅಂದಾಗ ಮಕ್ಕಳು ಮೊದಲು ನಂಬುವುದಿಲ್ಲ. ‘ಹಂಗಾದ್ರ ಖಾರಕ್ಕ ಏನ್ ಹಾಕ್ತಿದ್ರು?’ ಅಂತ ಕೇಳುತ್ತಾರೆ. ಕರಿಮೆಣಸು, ಶುಂಠಿ ಅಂತ ಅಲ್ಲಿಂದ ಮಾತು ಬೆಳೆಯುತ್ತದೆ. ಸುಡಾನಿನವರು ಜೋಳದ ಹಿಟ್ಟನ್ನು ಹುಳಿ ಬರಿಸಿ, ಕಾದ ಹಂಚಿನ ಮೇಲೆ ತೆಳ್ಳಗೆ ಹರಡಿ ‘ಕಿಸ್ರಾ’ ಮಾಡುತ್ತಾರೆ. ಅದನ್ನು ಹೇಳಿದ ಮೇಲೆ, 2023ರ ಏಪ್ರಿಲ್‌ನಲ್ಲಿ ಅಲ್ಲಿ ಯುದ್ಧ ಶುರುವಾಗಿ ಲಕ್ಷಾಂತರ ಜನ ಮನೆ, ಹೊಲ ಬಿಟ್ಟು ಓಡಿದ್ದನ್ನೂ ಹೇಳುತ್ತೇವೆ.

ಪಾಲಕರು ಕೇಳುವ ಮುಂಚೆ ನಾವೇ ಹೇಳುತ್ತೇವೆ: ಯಾವ ಮಗುವಿನ ಡಬ್ಬಿಯನ್ನೂ ತೆರೆಸುವುದಿಲ್ಲ, ‘ನಿಮ್ಮ ಮನೆಯಲ್ಲಿ ಏನು ತಿಂತೀರಿ’ ಅಂತ ಎದ್ದು ನಿಲ್ಲಿಸಿ ಕೇಳುವುದಿಲ್ಲ. ಕಾಳು, ಹಿಟ್ಟು, ಮೆಣಸಿನಕಾಯಿ ಎಲ್ಲ ನಾವೇ ತರುತ್ತೇವೆ.

ಎರಡನೇ ವಾರ ನಕಾಶೆ. ಗೋಡೆಯ ಮೇಲಿನ ಎಷ್ಟೋ ನಕಾಶೆಗಳಲ್ಲಿ ಗ್ರೀನ್‌ಲ್ಯಾಂಡ್ ಆಫ್ರಿಕಾದಷ್ಟೇ ದೊಡ್ಡದಾಗಿ ಕಾಣುತ್ತದೆ. ನಿಜದಲ್ಲಿ ಆಫ್ರಿಕಾ ಸುಮಾರು 14 ಪಟ್ಟು ದೊಡ್ಡದು. ಗ್ಲೋಬ್ ಇಟ್ಟು ಮಕ್ಕಳೇ ದಾರದಿಂದ ಅಳೆಯುತ್ತಾರೆ.

ಮೂರನೇ ವಾರ ನೀರು. ಬಾಗಲಕೋಟೆಯ ಮಕ್ಕಳಿಗೆ ಇದು ಪುಸ್ತಕದ ವಿಷಯ ಅಲ್ಲ. ಆಲಮಟ್ಟಿ ಹಿನ್ನೀರು ಹಳೆ ಊರಿಗೆ ನುಗ್ಗಿದ್ದು, ನವನಗರ ಎದ್ದದ್ದು ಅಜ್ಜ ಅಜ್ಜಿಗೆ ನೆನಪಿದೆ. ಅದನ್ನು ಮನೆಯಲ್ಲಿ ಕೇಳಿ ಬರೆದುಕೊಂಡು ಬನ್ನಿ ಅನ್ನುತ್ತೇವೆ. ಆಮೇಲೆ ಈಜಿಪ್ಟಿಗೆ ಹೋಗುತ್ತೇವೆ. ಅಲ್ಲಿ 1970ರಲ್ಲಿ ಮುಗಿದ ಆಸ್ವಾನ್ ದೊಡ್ಡ ಅಣೆಕಟ್ಟಿಗಾಗಿ ನೈಲ್ ನದಿ ದಂಡೆಯ ನೂಬಿಯಾ ಪ್ರದೇಶದ ಜನ ಊರು ಬಿಟ್ಟರು. ಅದೇ ನೀರಿನಲ್ಲಿ ಮುಳುಗಲಿದ್ದ ಅಬು ಸಿಂಬೆಲ್‌ನ ಪ್ರಾಚೀನ ಗುಡಿಗಳನ್ನು ಮಾತ್ರ ತುಂಡು ತುಂಡಾಗಿ ಕೊಯ್ದು ಸುಮಾರು 65 ಮೀಟರ್ ಮೇಲೆ ಜೋಡಿಸಿದರು. ನಮ್ಮ ಕೂಡಲಸಂಗಮದಲ್ಲಿ ಬಸವಣ್ಣನವರ ಐಕ್ಯಮಂಟಪದ ಸುತ್ತ ಬಾವಿಯ ಹಾಗೆ ಗೋಡೆ ಕಟ್ಟಿ ಹಿನ್ನೀರು ತಡೆದಿದ್ದನ್ನು ಮಕ್ಕಳು ನೋಡಿರುತ್ತಾರೆ. ಎರಡನ್ನೂ ಪಕ್ಕಪಕ್ಕ ಇಟ್ಟು ಒಂದೇ ಪ್ರಶ್ನೆ ಕೇಳುತ್ತೇವೆ: ಗುಡಿ ಉಳಿಸಲು ಹಲವು ದೇಶಗಳು ದುಡ್ಡು ಕೊಟ್ಟವು, ಊರು ಬಿಟ್ಟವರಿಗೆ ಯಾರು ಏನು ಕೊಡಬೇಕಿತ್ತು? ಉತ್ತರ ನಾವು ಹೇಳುವುದಿಲ್ಲ. ಮಕ್ಕಳು ಜಗಳಾಡಲಿ.

ನಾಲ್ಕನೇ ವಾರ ಮಕ್ಕಳದ್ದೇ. ಮೂರು ವಾರದಲ್ಲಿ ಹುಟ್ಟಿದ ಪ್ರಶ್ನೆಗಳಲ್ಲಿ ಒಂದನ್ನು ಆರಿಸಿಕೊಂಡು ಗುಂಪಾಗಿ ಹುಡುಕುತ್ತಾರೆ. ವಿಶ್ವಸಂಸ್ಥೆ 2015ರಲ್ಲಿ ಒಪ್ಪಿದ 17 ಸುಸ್ಥಿರ ಅಭಿವೃದ್ಧಿ ಗುರಿಗಳ (ಬಡತನ, ಹಸಿವು ನೀಗಿಸುವಂಥವು) ಚಾರ್ಟ್ ಗೋಡೆಯ ಮೇಲೆ ಇರುತ್ತದೆ. ಬಾಯಿಪಾಠ ಮಾಡಿಸುವ ಕ್ವಿಜ್ ಮಾತ್ರ ಇರುವುದಿಲ್ಲ.

‘ಇದು ಪರೀಕ್ಷೆಗೆ ಬರುತ್ತಾ?’ ಅಂತ ಕೇಳುವವರಿಗೆ: ಬರುವುದಿಲ್ಲ. ಅಂಕ ಜಾಸ್ತಿ ಆಗುತ್ತದೆ ಅಂತ ಸುಮ್ನೆ ಭರವಸೆ ಕೊಡುವವರು ನಾವಲ್ಲ.

ಶುಲ್ಕದ ಮಾತು. ಮೊದಲು ಇಡೀ ಶಾಲೆಗೆ ಒಂದು ದಿನಕ್ಕೆ 5,000 ರೂಪಾಯಿ ಇತ್ತು. ಈಗ ಒಂದು ತರಗತಿಗೆ ನಾಲ್ಕು ವಾರ ಸೇರಿ 8,000 ರೂಪಾಯಿ. ಜಾಸ್ತಿ ಅನ್ನಿಸಬಹುದು. ಸರ್ಕಾರಿ ಶಾಲೆಗಳಿಗೆ ನಾವು ಮೊದಲಿನಂತೆ ಪುಕ್ಕಟೆ ಹೋಗುತ್ತೇವೆ, ಆ ಖರ್ಚು ಹೊರಡುವುದು ಖಾಸಗಿ ಶಾಲೆಗಳ ಶುಲ್ಕದಿಂದಲೇ. ಒಂದು ಸಲಕ್ಕೆ 40 ಮಕ್ಕಳಿಗಿಂತ ಜಾಸ್ತಿ ಬೇಡ. ತರಗತಿಯ ಶಿಕ್ಷಕರೊಬ್ಬರು ಪೂರ್ತಿ ಸಮಯ ಜೊತೆಗಿರಬೇಕು. ನಾವು ಬಂದಾಗ ಪೇಪರ್ ತಿದ್ದಲು ಸ್ಟಾಫ್ ರೂಮಿಗೆ ಹೋಗುವುದು ಬೇಡ, ದಯವಿಟ್ಟು.

‘ವಿಶ್ವ ದಿನ’ಕ್ಕೆ ಈಗಾಗಲೇ ಮುಂಗಡ ಕೊಟ್ಟ ಶಾಲೆಗಳಿಗೆ ಎರಡು ದಾರಿ ಇದೆ. ಹಣ ವಾಪಸ್ ಪಡೆಯಬಹುದು, ಇಲ್ಲವೇ ಹೆಚ್ಚಿಗೆ ಏನೂ ಕೊಡದೆ ಒಂದು ತರಗತಿಗೆ ಹೊಸ ಕಾರ್ಯಾಗಾರ ಮಾಡಿಸಿಕೊಳ್ಳಬಹುದು. ಯಾವುದು ಬೇಕೆಂದು ದಸರಾ ರಜೆಗೆ ಮುಂಚೆ ತಿಳಿಸಿ. ರಜೆ ಮುಗಿದ ಮೊದಲ ವಾರದಿಂದಲೇ ನಮ್ಮ ಓಡಾಟ ಶುರುವಾಗುತ್ತದೆ.

ಇಂತಿ ನಿಮ್ಮ,
ಕಾರ್ಯದರ್ಶಿ ಮತ್ತು ಎಲ್ಲ ಸದಸ್ಯರು
ವಿಜಯಪುರ