ಪೆನ್ನಿನವರನ್ನು ಯಾಕೆ ಹೊರಗಿಡುತ್ತೀರಿ?

ಮಾನ್ಯರೇ,

'ಕೈಬರಹದ ಪ್ರತಿಗಳನ್ನು ಪರಿಗಣಿಸುವುದಿಲ್ಲ, ಯೂನಿಕೋಡ್‌ನಲ್ಲಿ ಟೈಪ್ ಮಾಡಿ ಇಮೇಲ್ ಮಾಡಿ' ಅನ್ನುವ ಸಾಲು ಕಥಾಸ್ಪರ್ಧೆ, ವಿಶೇಷಾಂಕಗಳ ಪ್ರಕಟಣೆಯಲ್ಲಿ ಈಗ ಮಾಮೂಲಿ. ಯೂನಿಕೋಡ್ ಅಂದರೆ ಯಾವ ಫೋನು, ಕಂಪ್ಯೂಟರಿನಲ್ಲೂ ಕನ್ನಡ ಕನ್ನಡವಾಗಿಯೇ ಕಾಣುವ ಅಕ್ಷರ ವ್ಯವಸ್ಥೆ. ನಾನು ಚಾಮರಾಜಪೇಟೆಯಲ್ಲಿ ಡಿಟಿಪಿ (ಟೈಪಿಂಗ್, ಪುಟವಿನ್ಯಾಸ) ಅಂಗಡಿ ಇಟ್ಟುಕೊಂಡಿರುವವನು. ಈ ಸಾಲಿನಿಂದ ನನಗೆ ಲಾಭವೇ. ಆದರೂ ಇದು ಸರಿಯಿಲ್ಲ.

ಪೆನ್ನಿನಲ್ಲಿ ಬರೆಯುವವರು ಹಿಂದುಳಿದವರು, ಫೋನಿನಲ್ಲಿ ಬರೆಯುವವರು ಮುಂದುವರಿದವರು ಅಂತ ಮಾತಾಡುವವರು ಒಮ್ಮೆ ನನ್ನ ಟೇಬಲ್ ನೋಡಬೇಕು. ಕೈಬರಹದ ಹಾಳೆಯಲ್ಲಿ ಹೊಡೆದು ಹಾಕಿದ ಸಾಲಿನ ಮೇಲೆ ಇನ್ನೊಂದು ಸಾಲಿರುತ್ತದೆ, ಅಲ್ಲಿಂದ ಒಂದು ಬಾಣ ಹೊರಟು ಹಾಳೆಯ ಹಿಂಬದಿಗೆ ಹೋಗಿರುತ್ತದೆ. ಓದುವುದು ಕಷ್ಟ, ನಿಜ. ಆದರೆ ಲೇಖಕರು ಎಲ್ಲಿ ಯೋಚಿಸಿದ್ದಾರೆ ಅಂತ ಗೊತ್ತಾಗುತ್ತದೆ. ಫೋನಿಗೆ ಹೇಳಿ ಬರೆಸಿದ ಕಥೆಗಳು ವಾಟ್ಸಾಪ್‌ನಲ್ಲಿ ಬರುತ್ತವೆ. ಇಡೀ ಪುಟಕ್ಕೆ ಒಂದು ಪೂರ್ಣವಿರಾಮ ಸಿಕ್ಕರೆ ಪುಣ್ಯ. ಧಾರವಾಡ ಕಡೆಯ ಪಾತ್ರ 'ಹೊಂಟಾನ' ಅಂದರೆ ಫೋನಿಗೆ ಅರ್ಥವಾಗುವುದಿಲ್ಲ, ತನಗೆ ತೋಚಿದ್ದು ಬರೆದಿರುತ್ತದೆ. ಹಾಗಂತ ಅವರನ್ನೂ ಬೈಯಲಾರೆ. ಮೆಜೆಸ್ಟಿಕ್‌ನಿಂದ ವೈಟ್‌ಫೀಲ್ಡ್‌ವರೆಗೆ ಮೆಟ್ರೋದಲ್ಲಿ ನಿಂತುಕೊಂಡೇ ಕಥೆ ಬರೆಯುವವರಿದ್ದಾರೆ, ಫೋನ್ ಇಲ್ಲದಿದ್ದರೆ ಅವರು ಬರೆಯುತ್ತಲೇ ಇರಲಿಲ್ಲ.

ನಿಜವಾಗಿ ಪೆಟ್ಟು ತಿಂದವರು ಈ ಇಬ್ಬರೂ ಅಲ್ಲ. ಎಲ್ಲರಿಗಿಂತ ಮೊದಲು ಕಂಪ್ಯೂಟರ್ ಕಲಿತರಲ್ಲ, ಅವರು. 1998ರಲ್ಲಿ ಕನ್ನಡ ಟೈಪ್ ಮಾಡುವ ತಂತ್ರಾಂಶ, ಶೇಷಾದ್ರಿವಾಸು ಅವರ 'ಬರಹ' ಬಂತು, ಆಮೇಲೆ ಅಂಥದ್ದೇ ಕನ್ನಡ ಗಣಕ ಪರಿಷತ್ತಿನ 'ನುಡಿ'. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಎಷ್ಟು ಸುಲಭ ಅಂದರೆ ಎ, ಕೆ, ಎಫ್, ಕೆ ಒತ್ತಿದರೆ 'ಅಕ್ಕ' ಆಯಿತು. ಮೂಡಿಗೆರೆಯ ತೋಟದಲ್ಲಿದ್ದ ತೇಜಸ್ವಿಯವರು ಕಂಪ್ಯೂಟರಿನಲ್ಲಿ ಕನ್ನಡ ನೆಟ್ಟಗೆ ಬರಬೇಕು ಅಂತ ಹಟ ಹಿಡಿದಿದ್ದೂ ಆ ಕಾಲದಲ್ಲೇ. ಅದನ್ನೆಲ್ಲ ನೋಡಿ ಉತ್ಸಾಹದಿಂದ ಕೀಲಿಮಣೆ ಹಿಡಿದ ಲೇಖಕರು ಇವತ್ತು ತಮ್ಮದೇ ಹಳೇ ಫೈಲನ್ನು ಫೋನಿನಲ್ಲಿ ತೆರೆದರೆ ಕಾಣುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಆಗಿನ ಫಾಂಟುಗಳು ಕನ್ನಡ ಅಕ್ಷರದ ಚೂರುಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿದ್ದವು. ಆ ಫಾಂಟ್ ಇಲ್ಲದಿದ್ದರೆ ಒಳಗಿನ ಇಂಗ್ಲಿಷ್ ಹೊರಗೆ ಬರುತ್ತದೆ, ಅಷ್ಟೇ. ಯೂನಿಕೋಡ್‌ನಲ್ಲಿ ಕನ್ನಡಕ್ಕೇ ಸ್ವಂತ ಜಾಗ ಇರುವುದರಿಂದ ಈ ಗೋಳಿಲ್ಲ. ಹಳೇ ಫೈಲನ್ನು ಯೂನಿಕೋಡ್‌ಗೆ ಬದಲಾಯಿಸುವ ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ, ಆದರೆ 'ರ‍್ಯಾಂಕ್' ಎಂಬ ಪದ 'ರ್ಯಾಂಕ್' ಆಗಿ ಕೂತಿರುತ್ತದೆ, ಕಣ್ಣಿಟ್ಟು ತಿದ್ದಬೇಕು. ಅದೇ ಲೇಖಕರ 1980ರ ನೋಟ್‌ಬುಕ್ ಮಾತ್ರ ಇವತ್ತಿಗೂ ಸಲೀಸಾಗಿ ಓದಬಹುದು!

ಇನ್ನೊಂದು ತಮಾಷೆ ಕೇಳಿ. ಲೇಖಕರಿಂದ ಯೂನಿಕೋಡ್ ಕೇಳಿ ತರಿಸಿಕೊಳ್ಳುವ ಎಷ್ಟೋ ಕಡೆ, ಒಳಗೆ ಅದನ್ನು ಮತ್ತೆ ಹಳೇ ಫಾಂಟಿಗೆ ಬದಲಾಯಿಸಿಯೇ ಪುಟ ಕಟ್ಟುತ್ತಾರೆ. ಪುಟ ಕಟ್ಟುವ ಹಳೇ ತಂತ್ರಾಂಶವಾದ ಪೇಜ್‌ಮೇಕರ್‌ಗೆ ಯೂನಿಕೋಡ್ ಕನ್ನಡ ಬರುವುದಿಲ್ಲ. ಅದರ ಕೊನೆಯ ಆವೃತ್ತಿ ಬಂದಿದ್ದೇ 2001ರಲ್ಲಿ, ನಮ್ಮ ಎಷ್ಟೋ ಪ್ರೆಸ್‌ಗಳು ಇನ್ನೂ ಅದನ್ನು ಬಿಟ್ಟಿಲ್ಲ. ಅಂದಮೇಲೆ ಹಳೇ ಅಭ್ಯಾಸ ಬಿಡದವರು ಯಾರು, ಪೆನ್ನಿನಲ್ಲೇ ಕಥೆ ಬರೆಯುವ ಎಪ್ಪತ್ತೈದರ ಅಜ್ಜಿಯೊಬ್ಬರೇನಾ?

ಆ ಅಜ್ಜಿ ಈಗ ಏನು ಮಾಡಬೇಕು? ಪುಟಕ್ಕೆ ಇಷ್ಟು ಅಂತ ನನ್ನಂಥವನಿಗೆ ದುಡ್ಡು ಕೊಡಬೇಕು, ಇಲ್ಲವೇ ಮೊಮ್ಮಗನ ಬಿಡುವಿಗೆ ಕಾಯಬೇಕು. ಬೆಂಗಳೂರಲ್ಲಿ ಹೇಗೋ ಆದೀತು, ಊರ ಕಡೆಯವರ ಗತಿ? ಸ್ಪರ್ಧೆ ನಡೆಸುವವರು ಕೊನೇಪಕ್ಷ ಹಾಳೆಯ ಫೋಟೋವನ್ನಾದರೂ ತೆಗೆದುಕೊಳ್ಳಲಿ, ಟೈಪಿಂಗ್ ಖರ್ಚನ್ನು ಆಯ್ಕೆಯಾದ ಕಥೆಗಳಿಗೆ ಮಾತ್ರ ಅವರೇ ಹಾಕಿಕೊಳ್ಳಲಿ. ಪ್ರಕಾಶಕರಲ್ಲೂ ಒಂದು ಕೇಳಿಕೆ: ಲೇಖಕರಿಗೆ ಗೌರವಪ್ರತಿಗಳ ಜೊತೆ ಪುಸ್ತಕದ ಯೂನಿಕೋಡ್ ಫೈಲನ್ನೂ ಕೊಡಿ. ಪಿಡಿಎಫ್ ಅಲ್ಲ, ತಿದ್ದಲು ಬರುವ ಫೈಲು.

- ಡಿಟಿಪಿ ಕೆಲಸಗಾರ, ಚಾಮರಾಜಪೇಟೆ, ಬೆಂಗಳೂರು