ನೈಜೆಲ್ ಫರಾಜ್ ಅವರೇ, ಕೊಟ್ಟಿದ್ದನ್ನು ಕಿತ್ತುಕೊಳ್ಳಬೇಡಿ

ಮಾನ್ಯ ನೈಜೆಲ್ ಫರಾಜ್ ಅವರಿಗೆ,
ಬ್ರಿಟನ್ನಿನ ಕ್ಲಾಕ್ಟನ್ ಕ್ಷೇತ್ರದ ಸಂಸದರು, ರಿಫಾರ್ಮ್ ಯುಕೆ ಪಕ್ಷದ ನಾಯಕರು

ನಮಸ್ಕಾರ.

ನಾನು ನಿಮ್ಮ ಕ್ಷೇತ್ರದ ಮತದಾರಳು. ಹಾಸನ ಕಡೆಯವಳು, ಇಲ್ಲಿ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ಇಲ್ಲಿ ಮತ ಹಾಕುವುದು ಹೇಗೆ ಎಂದು ನನ್ನ ಜೊತೆಯ ಇಂಗ್ಲಿಷ್ ನರ್ಸ್‌ಗಳೇ ಬಾಯಿ ಬಿಡುತ್ತಾರೆ. ಕಾಮನ್‌ವೆಲ್ತ್ ದೇಶದವರಿಗೆ ಆ ಹಕ್ಕಿದೆ ಎಂದು ನಿಮಗೆ ಹೇಳಬೇಕಿಲ್ಲ. 2024ರ ಜುಲೈನಲ್ಲಿ ನೀವು 8,405 ಮತಗಳ ಅಂತರದಲ್ಲಿ ಗೆದ್ದಿರಿ. ಆ ಅಂತರ ಒಂದು ಕಡಿಮೆಯಾಗಿದ್ದು ನನ್ನಿಂದ.

ಕನ್ನಡದಲ್ಲಿ ಬರೆಯುತ್ತಿರುವುದಕ್ಕೆ ಬೇಸರ ಬೇಡ. ರೈಲಿನಲ್ಲಿ ಎಷ್ಟೋ ಸ್ಟೇಷನ್ ದಾಟುವವರೆಗೂ ಇಂಗ್ಲಿಷ್ ಕಿವಿಗೆ ಬೀಳಲಿಲ್ಲ, ಮುಜುಗರವಾಯಿತು ಎಂದು 2014ರಲ್ಲಿ ಹೇಳಿದವರು ನೀವು. ಈ ಪತ್ರ ಸದ್ದು ಮಾಡುವುದಿಲ್ಲ. ಅನುವಾದ ಮಾಡಿಸಿಕೊಂಡು ಓದಿ. ಅದಕ್ಕೂ ಮೊದಲು ಈ ದೇಶದಲ್ಲಿರುವ ಕನ್ನಡದವರು ಓದಲಿ ಎಂಬುದು ನನ್ನ ಆಸೆ, ಏಕೆಂದರೆ ಅವರಲ್ಲೂ ನಿಮ್ಮ ಅಭಿಮಾನಿಗಳಿಗೆ ಬರವಿಲ್ಲ.

ಕೇಳುವುದು ಒಂದೇ. ಈಗಾಗಲೇ ಐಎಲ್‌ಆರ್ (ಇಂಡೆಫಿನಿಟ್ ಲೀವ್ ಟು ರಿಮೇನ್, ಅಂದರೆ ಕಾಲಮಿತಿಯಿಲ್ಲದೆ ಇಲ್ಲಿ ನೆಲೆಸುವ ಅನುಮತಿ) ಪಡೆದವರ ತಂಟೆಗೆ ಬರಬೇಡಿ.

2025ರ ಸೆಪ್ಟೆಂಬರ್ 22ರಂದು ನೀವು ಘೋಷಿಸಿದಿರಿ: ಅಧಿಕಾರಕ್ಕೆ ಬಂದರೆ ಐಎಲ್‌ಆರ್ ಎಂಬುದೇ ಇರುವುದಿಲ್ಲ, ಐದೈದು ವರ್ಷಕ್ಕೊಮ್ಮೆ ವೀಸಾಕ್ಕೆ ಅರ್ಜಿ ಹಾಕಬೇಕು, ಸಂಬಳದ ಮಿತಿ ಇನ್ನೂ ಮೇಲೇರುತ್ತದೆ. ಮುಂದೆ ಬರುವವರಿಗೆ ಹೀಗೆ ಎಂದಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ. ಯಾವ ದೇಶಕ್ಕಾದರೂ ತನ್ನ ಬಾಗಿಲಿಗೆ ಬೀಗ ಹಾಕುವ ಹಕ್ಕಿದೆ. ಆದರೆ ಈಗಾಗಲೇ ಕೊಟ್ಟಿರುವುದನ್ನೂ ವಾಪಸ್ ಪಡೆಯುತ್ತೇವೆ ಎಂದಿರಿ. ಅದು ಯಾವ ನ್ಯಾಯ ಸ್ವಾಮಿ?

ಐದು ವರ್ಷ ಕಾದು, ಇಂಗ್ಲಿಷ್ ಪರೀಕ್ಷೆ ಬರೆದು, ಎಂಟನೇ ಹೆನ್ರಿಯ ಹೆಂಡಂದಿರ ಹೆಸರನ್ನೆಲ್ಲ ಬಾಯಿಪಾಠ ಮಾಡಿ ಈ ದೇಶದ ಬಗೆಗಿನ 'ಲೈಫ್ ಇನ್ ದಿ ಯುಕೆ' ಪರೀಕ್ಷೆ ಪಾಸು ಮಾಡಿದೆವು. 2024ರಲ್ಲಿ ಅರ್ಜಿ ಹಾಕಿದಾಗ ತಲೆಗೆ 2,885 ಪೌಂಡ್. ನಾನು, ನನ್ನವರು, ಮಗಳು ಸೇರಿ 8,655 ಪೌಂಡ್. ಮಕ್ಕಳಿಗೆ ಅರ್ಧ ಟಿಕೆಟ್ ಇಲ್ಲ. ಒಂದಷ್ಟು ಬ್ಯಾಂಕ್ ಸಾಲ, ಒಂದಷ್ಟು ಊರಿನ ಕಾಫಿ ಮಾರಿದ ದುಡ್ಡು. ಮಾವನವರು ಆ ವರ್ಷ ತೋಟಕ್ಕೆ ಗೊಬ್ಬರ ಹಾಕಿಸಲಿಲ್ಲ.

"ಹಾಗಾದರೆ ಸಿಟಿಜನ್ ಆಗಿಬಿಡಿ" ಎನ್ನುತ್ತಾರೆ ಇಲ್ಲಿಯವರು, ಕ್ಲಬ್ ಸದಸ್ಯತ್ವದ ಹಾಗೆ. ಭಾರತ ಎರಡು ಪೌರತ್ವ ಒಪ್ಪುವುದಿಲ್ಲ. ಒಂದು ಪಾಸ್‌ಪೋರ್ಟ್ ಪಡೆದರೆ ಇನ್ನೊಂದನ್ನು ಒಪ್ಪಿಸಬೇಕು. ಆಮೇಲೆ ಸಾಗರೋತ್ತರ ಭಾರತೀಯರಿಗೆ ಕೊಡುವ ಓಸಿಐ ಕಾರ್ಡ್ ಸಿಗುತ್ತದೆ, ನಿಜ. ಆದರೆ ಅದನ್ನಿಟ್ಟುಕೊಂಡು ಊರಲ್ಲಿ ಒಂದು ಗುಂಟೆ ಕೃಷಿ ಭೂಮಿ ಕೊಳ್ಳುವಂತಿಲ್ಲ. ಪಕ್ಕದ ತೋಟ ಮಾರಾಟಕ್ಕೆ ಬಂದರೆ ಕೊಳ್ಳಬೇಕು ಎಂದು ನನ್ನವರು ಮದುವೆಯಾದಾಗಿನಿಂದ ಹೇಳುತ್ತಿದ್ದಾರೆ. ನಮ್ಮಂಥ ಬಹಳ ಜನ ಐಎಲ್‌ಆರ್‌ನಲ್ಲೇ ಉಳಿಯುವುದು ಇಂಥ ಲೆಕ್ಕಾಚಾರಕ್ಕೆ. ಬ್ರಿಟನ್ನಿಗೆ ನಿಷ್ಠೆ ಇಲ್ಲವೆಂದಲ್ಲ. ಕೊಟ್ಟ ಮಾತು ಈ ದೇಶ ಉಳಿಸಿಕೊಳ್ಳುತ್ತದೆ ಎಂದು ನಂಬಿ.

ಈಗ ನಿಮ್ಮ ಮಾತಿನ ಪ್ರತಾಪ ಕೇಳಿ. ಗೋಡೆಯಲ್ಲಿ ನೀರು ಜಿನುಗುವ ಬಾಡಿಗೆ ಮನೆಯಲ್ಲಿದ್ದೆವು. ಮಗಳ ಕೆಮ್ಮು ಚಳಿಗಾಲವಿಡೀ ನಿಲ್ಲುತ್ತಿರಲಿಲ್ಲ. ಹುಡುಕಿ ಹುಡುಕಿ ಶಾಲೆಯ ಹತ್ತಿರವೇ ಒಂದು ಒಳ್ಳೆಯ ಮನೆ ಸಿಕ್ಕಿತು. ನಮ್ಮ ವಲಸೆ ದಾಖಲೆಯನ್ನು ಆನ್‌ಲೈನ್‌ನಲ್ಲಿ ತೋರಿಸುವ ಶೇರ್ ಕೋಡ್ ಕೊಟ್ಟೆವು, ಏಜೆಂಟ್ ತೆಗೆದು ನೋಡಿದರು, ಎಲ್ಲ ಸರಿಯಿತ್ತು. ಹಳೆಯ ಮನೆಗೆ ನೋಟಿಸ್ ಕೊಟ್ಟು ಡಬ್ಬ ಕಟ್ಟಲು ಶುರು ಮಾಡಿದೆವು. ಆಮೇಲೆ ಏಜೆಂಟ್ ಫೋನು: ಮಾಲೀಕರಿಗೆ ದೀರ್ಘಕಾಲ ಇರುವವರು ಬೇಕಂತೆ. ನಮ್ಮದು ಇಂಡೆಫಿನಿಟ್, ಅಂದರೆ ಕೊನೆಯೇ ಇಲ್ಲ, ಇದಕ್ಕಿಂತ ದೀರ್ಘಕಾಲ ಯಾವುದು ಎಂದೆ. ಆ ಮನುಷ್ಯ ತುಸು ತಡವರಿಸಿ ಹೇಳಿದ: "ನೈಜೆಲ್ ಬಂದ ಮೇಲೆ ನಿಮ್ಮ ಕಾಗದ ಏನಾಗುತ್ತೋ ಎಂದು ಅವರಿಗೆ ಯೋಚನೆ. ತಪ್ಪು ತಿಳಿಯಬೇಡಿ, ನಿಮ್ಮ ಕುಟುಂಬ ಅವರಿಗೆ ತುಂಬಾ ಇಷ್ಟವಾಯಿತು."

ತುಂಬಾ ಇಷ್ಟವಾಯಿತಂತೆ! ಸಾರ್ವತ್ರಿಕ ಚುನಾವಣೆಗೆ 2029ರ ತನಕ ಅವಕಾಶವಿದೆ. ನೀವಿನ್ನೂ ಪ್ರಧಾನಿಯಾಗಿಲ್ಲ. ಕಾನೂನಿನಲ್ಲಿ ಒಂದಕ್ಷರ ಬದಲಾಗಿಲ್ಲ. ಆದರೂ ಒಂದು ಪತ್ರಿಕಾಗೋಷ್ಠಿಯ ಬಲದಿಂದ ನಮ್ಮ ಮೂವರನ್ನು ಒಂದು ಮನೆಯಿಂದ ಹೊರಗಿಟ್ಟಿರಿ. ಕಟ್ಟಿದ ಡಬ್ಬಗಳ ನಡುವೆ ಕುಳಿತು, ಕೊಟ್ಟ ನೋಟಿಸ್ ವಾಪಸ್ ಪಡೆಯಲು ಹಳೆಯ ಮಾಲೀಕನ ಕಾಲು ಹಿಡಿದೆವು. ಆತ ಒಪ್ಪಿದ, ಬಾಡಿಗೆ ಏರಿಸಿ. ಗೋಡೆ ಈಗಲೂ ಜಿನುಗುತ್ತಿದೆ.

ನಿಮ್ಮ ಬಗ್ಗೆ ಜನಾಭಿಪ್ರಾಯ ತಿಳಿಯಲು ನನಗೆ ಸಮೀಕ್ಷೆ ಬೇಡ, ವಾರ್ಡ್ ಸಾಕು. ನಿಮ್ಮದೇ ಕ್ಷೇತ್ರದ ಜೇವಿಕ್ ಊರಿನ ಕಡೆಯಿಂದ ಬಂದ ಅಜ್ಜ ಒಬ್ಬರು, ಇಷ್ಟು ವರ್ಷ ನಮ್ಮನ್ನು ಯಾರೂ ತಿರುಗಿ ನೋಡಲಿಲ್ಲ, ಇವನಾದರೂ ಬಂದ ಎಂದರು. ಇಂಗ್ಲೆಂಡಿನ ಅತಿ ಹಿಂದುಳಿದ ಪ್ರದೇಶ ಎಂಬ ಪಟ್ಟ ಆ ಊರಿಗೆ ಮತ್ತೆ ಮತ್ತೆ ಸಿಕ್ಕಿದೆ, ಅವರ ಸಿಟ್ಟು ಸುಳ್ಳಲ್ಲ. ಪಕ್ಕದ ಹಾಸಿಗೆಯ ಅಜ್ಜಿ ನಿಮ್ಮ ಹೆಸರೆತ್ತಿದರೆ ಟಿವಿ ಆರಿಸಿ ಎನ್ನುತ್ತಾರೆ. ಒಬ್ಬರಿಗೆ ನೀವು ಮುಚ್ಚುಮರೆಯಿಲ್ಲದೆ ಮಾತಾಡುವ ಒಬ್ಬನೇ ಮನುಷ್ಯ, ಇನ್ನೊಬ್ಬರಿಗೆ ಬಿಯರ್ ಗ್ಲಾಸ್ ಹಿಡಿದ ವೇಷಧಾರಿ. ನಡುವೆ ನಿಂತು ಇಬ್ಬರ ಬಿಪಿ ನೋಡುವವಳು ನಾನು. ನಿಮ್ಮ ಅಭಿಮಾನಿಗಳು ನನ್ನ ಕೈ ತಟ್ಟಿ "ಅವನು ಹೇಳುವುದು ನಿನ್ನಂಥವರ ಬಗ್ಗೆ ಅಲ್ಲ ಮಗಳೇ" ಎನ್ನುತ್ತಾರೆ. ನೀವು ಹೇಳಿದ್ದು ನನ್ನಂಥವರ ಬಗ್ಗೆಯೇ ಎಂದು ಡ್ರಿಪ್ ಹಾಕುತ್ತಾ ವಿವರಿಸಲಾಗುವುದಿಲ್ಲ.

ತಮಾಷೆ ನೋಡಿ, ನನ್ನನ್ನು ಇಲ್ಲಿಗೆ ಕರೆಸಿದವರಲ್ಲಿ ನೀವೂ ಒಬ್ಬರು. ಯುರೋಪಿಯನ್ ಒಕ್ಕೂಟ ಬಿಡಬೇಕೇ ಎಂಬ 2016ರ ಜನಮತದಲ್ಲಿ ಶೇ 52 ಜನ ನಿಮ್ಮ ಕಡೆ ನಿಂತರು. ಅದಾದ ಮೇಲೆ ಯುರೋಪಿನಿಂದ ಹೊಸದಾಗಿ ಬರುವ ನರ್ಸ್‌ಗಳ ಸಂಖ್ಯೆ ಕುಸಿಯಿತು. ಆ ಜಾಗ ತುಂಬಲು ಭಾರತದಿಂದ, ಫಿಲಿಪೀನ್ಸ್‌ನಿಂದ ನಮ್ಮನ್ನು ಕರೆದರು. 2015ರ ಚುನಾವಣೆಯ ಹೊತ್ತಿಗೆ ರೇಡಿಯೊದಲ್ಲಿ ನೀವೇ, ಪೂರ್ವ ಯುರೋಪಿನ ಕೆಲವರಿಗಿಂತ ಭಾರತ, ಆಸ್ಟ್ರೇಲಿಯಾದವರು ತುಸು ವಾಸಿ, ಇಂಗ್ಲಿಷ್ ಬರುತ್ತದೆ, ನಮ್ಮ ಕಾನೂನು ಗೊತ್ತಿರುತ್ತದೆ ಎಂಬರ್ಥದ ಮಾತಾಡಿದ್ದಿರಿ. ನಮ್ಮವರು ಎಷ್ಟು ಹಿಗ್ಗಿದರು! ಈಗ? ಸೆಟಲ್ಡ್ ಸ್ಟೇಟಸ್ (ಯುರೋಪಿಯನ್ ಒಕ್ಕೂಟದವರಿಗೆ ಕೊಟ್ಟ ನೆಲೆಸುವ ಹಕ್ಕು) ಇರುವ ಯುರೋಪಿನವರಿಗೆ ನಿಮ್ಮ ಯೋಜನೆಯಿಂದ ವಿನಾಯಿತಿ. ಕತ್ತಿ ನಮ್ಮ ಮೇಲೆ. ಇಪ್ಪತ್ತು ವರ್ಷ ಯುರೋಪಿಯನ್ ಪಾರ್ಲಿಮೆಂಟಿನಲ್ಲಿ ಕುಳಿತು ಯುರೋಪನ್ನು ಬೈದವರಿಂದ ಯುರೋಪಿನವರಿಗೆ ರಕ್ಷೆ, ಕಾಮನ್‌ವೆಲ್ತ್ ಎಂದು ಎದೆ ತಟ್ಟಿಕೊಂಡವರಿಂದ ಕಾಮನ್‌ವೆಲ್ತ್‌ನವರಿಗೆ ಗಂಟುಮೂಟೆ.

ಐಎಲ್‌ಆರ್ ತೆಗೆದರೆ 23,400 ಕೋಟಿ ಪೌಂಡ್ ಉಳಿಯುತ್ತದೆ ಎಂದಿರಿ. ಆ ಅಂಕಿಯ ಮೂಲವಾದ ಸೆಂಟರ್ ಫಾರ್ ಪಾಲಿಸಿ ಸ್ಟಡೀಸ್ ಸಂಸ್ಥೆಯೇ ಆ ಅಂದಾಜು ಬಳಸಬೇಡಿ ಎಂದಿತ್ತು. ಇರಲಿ, ಲೆಕ್ಕ ನಿಮ್ಮ ಜಾಯಮಾನವಲ್ಲ.

ಲೇಬರ್ ಪಕ್ಷದವರನ್ನು ಹೊಗಳುತ್ತಿದ್ದೇನೆ ಎಂದುಕೊಳ್ಳಬೇಡಿ. ನಿಮ್ಮ ಯೋಜನೆಯನ್ನು ಜನಾಂಗೀಯವಾದಿ ಎಂದ ಸ್ಟಾರ್ಮರ್ ಅವರ ಸರ್ಕಾರವೇ ಐಎಲ್‌ಆರ್‌ಗೆ ಕಾಯಬೇಕಾದ ಐದು ವರ್ಷವನ್ನು ಹತ್ತಕ್ಕೆ, ಕೇರ್ ಕೆಲಸದವರಿಗೆ ಹದಿನೈದಕ್ಕೆ ಏರಿಸುವ ಪ್ರಸ್ತಾಪ ತಂದಿತು. ಅವರೆಲ್ಲ ನಿಮ್ಮ ಶಾಲೆಯಲ್ಲೇ ಕಲಿಯುತ್ತಿದ್ದಾರೆ. ಆದರೂ ಐಎಲ್‌ಆರ್ ಕೈಗೆ ಬಂದವರನ್ನು ಅವರು ಮುಟ್ಟಲಿಲ್ಲ. ನೀವೂ ಮುಟ್ಟಬೇಡಿ.

ನಮ್ಮವರಿಗೂ ಒಂದು ಮಾತು. ರಾಜ್ಯೋತ್ಸವದ ಊಟದ ಸಾಲಿನಲ್ಲಿ ಹಿರಿಯರೊಬ್ಬರು, ಬ್ರಿಟಿಷ್ ಪಾಸ್‌ಪೋರ್ಟ್ ಪಡೆದು ದಶಕಗಳಾದವು, ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ "ಫರಾಜ್ ಹೇಳೋದ್ರಲ್ಲಿ ತಪ್ಪೇನಿದೆ? ಕದ್ದು ದೋಣಿ ಹತ್ತಿ ಬರೋರನ್ನು ತಡೀಬೇಕಲ್ವಾ?" ಎಂದರು. ನಾನು ದೋಣಿಯಲ್ಲಿ ಬರಲಿಲ್ಲ ಸಾರ್, ಬೆಂಗಳೂರಿನಿಂದ ವಿಮಾನದಲ್ಲಿ ಬಂದೆ, ವೀಸಾ ಹಚ್ಚಿಸಿಕೊಂಡು ಬಂದೆ ಎಂದೆ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು, ಅವರು ಪಲ್ಯದ ಕಡೆ ಹೋದರು.

ಫರಾಜ್ ಅವರೇ, ದೋಣಿಗಳ ಬಗ್ಗೆ ನೀವು ಏನು ಬೇಕಾದರೂ ಮಾಡಿಕೊಳ್ಳಿ, ಮುಂದಿನ ವೀಸಾಗಳಿಗೆ ಯಾವ ಷರತ್ತಾದರೂ ಹಾಕಿ. ಶುಲ್ಕ ಪಡೆದು, ಪರೀಕ್ಷೆ ಮಾಡಿ, ಸರ್ಕಾರವೇ ಕೊಟ್ಟ ಐಎಲ್‌ಆರ್ ರದ್ದಾಗುವುದಿಲ್ಲ ಎಂದು ನಿಮ್ಮ ಪ್ರಣಾಳಿಕೆಯಲ್ಲಿ ಒಂದು ಸಾಲು ಬರೆಯಿರಿ. ಟಿವಿಯಲ್ಲಿ ನಕ್ಕು ಹೇಳಿದರೆ ಸಾಲದು, ಬರೆಯಿರಿ. ಏಜೆಂಟರಿಗೆ ತೋರಿಸಲು ನನಗೊಂದು ಪ್ರತಿ ಬೇಕು.

ನಿಮ್ಮ ಕ್ಷೇತ್ರದ ಮತದಾರಳು